ಸೊನ್ನೆಗೆ ಒಂದು ತಟ್ಟು

೪ ಫೆಬ್ರವರಿ

ಅಕ್ಕಾ,

ಬಂದು ಇಷ್ಟು ದಿನವಾದರೂ ಒಂದು ಗೆರೆ ಗೀಚಲಿಲ್ಲ ಎಂದು ನೀನು ಮುಖ ಊದಿಸಿಕೊಂಡಿರುತ್ತೀಯ. ಕೆಲಸ, ಇಲ್ಲಿನ ಭಾಷೆ ಕಲಿಯುವುದರಲ್ಲೇ ದಿನ ಹೋಯಿತು. ನಮ್ಮದು ಎರಡನೇ ಮಹಡಿ. ಕೆಳಗೆ ಯಜಮಾನಿಯ ಪರದೆ ಹೊಲಿಯುವ ಕಾರ್ಖಾನೆ. ಬೆಳಗ್ಗೆ ಮಷೀನುಗಳು ಶುರುವಾದರೆ ಮೇಲೆ ಲೋಟದಲ್ಲಿಟ್ಟ ನೀರು ನಡುಗುತ್ತದೆ. ನಾನು ನೋಡಿಕೊಳ್ಳುವುದು ಅವರ ಅಪ್ಪನನ್ನು. ನಾನು ಅಜ್ಜ ಎಂದೇ ಕರೆಯುತ್ತೇನೆ. ಎಡಭಾಗ ಬಿದ್ದುಹೋಗಿದೆ, ಮಾತು ಅರ್ಧರ್ಧ ಬರುತ್ತದೆ, ಸಿಟ್ಟು ಮಾತ್ರ ಪೂರ್ತಿ ಬರುತ್ತದೆ. ಮೊದಲ ದಿನವೇ ಚಮಚ ಎಸೆದರು. ಈಗ ನಾವಿಬ್ಬರೂ ರಾಜಿಯಾಗಿದ್ದೇವೆ.

ಫೋನ್ ಅಜ್ಜನ ಮಂಚದ ಪಕ್ಕದಲ್ಲೇ ಇದೆ. ಆದರೆ ಇಲ್ಲಿಂದ ಹೊರದೇಶಕ್ಕೆ ಮಾತಾಡಿದರೆ ಕೈ ಸುಡುತ್ತದೆ, ಅದಕ್ಕೆ ಮಾಡಲಿಲ್ಲ. ನಂಬರ್ ಹಿಂದುಗಡೆ ಬರೆದಿದ್ದೇನೆ, ಇರಲಿ. ನೀನೂ ಮಾಡಲು ಹೋಗಬೇಡ.

ನಾನು ತುಂಬಾ ಚೆನ್ನಾಗಿದ್ದೇನೆ. ಊರು ನೋಡಲು ಇನ್ನೂ ಪುರುಸೊತ್ತಾಗಿಲ್ಲ, ಅಷ್ಟೆ. ಅಮ್ಮನಿಗೆ ಹೇಳು.

ನಿನ್ನ ಗುಬ್ಬಿ

•

೨ ಮಾರ್ಚ್

ಗುಬ್ಬಿ,

ಮಾಡಬೇಡ ಎಂದರೆ ನಾನು ಸುಮ್ಮನಿರುವವಳೇ? ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತಿದ್ದಾಳೆ, ತಂಗಿ ಹೊರದೇಶದಲ್ಲಿ ಕೂತಿದ್ದಾಳೆ, ಇಬ್ಬರ ನಡುವೆ ಓಡಾಡುವುದು ಅಂಚೆಯವನು! ನಮ್ಮ ಆಫೀಸಿನಲ್ಲಿ ಎಲ್ಲರೂ ನಗುತ್ತಾರೆ. ನಾನು ಕರೆ ಜೋಡಿಸುವ ಬೋರ್ಡಿನ ಮುಂದೆ ಕೂರುವವಳಲ್ಲ, ಯಾವ ದೇಶಕ್ಕೆ ಯಾವ ಕೋಡು ಎಂಬ ಪಟ್ಟಿ ತಿದ್ದುವವಳು. ಆದರೂ ಹೊರದೇಶದ ಬೋರ್ಡಿನಲ್ಲಿರುವ ಗೆಳತಿಯ ಕೈಕಾಲು ಹಿಡಿದು ಒಂದು ಕರೆ ಹಾಕಿಸಿದೆ.

ನಿನಗೆ ಗೊತ್ತಿರಲಿ, ಊರಿನ ಕೋಡಿನ ಮುಂದಿರುವ ಸೊನ್ನೆ ದೇಶದೊಳಗಿನವರಿಗೆ ಮಾತ್ರ. ಹೊರದೇಶದಿಂದ ಮಾಡುವವರು ಅದನ್ನು ಕಿತ್ತುಹಾಕಿ ಉಳಿದದ್ದನ್ನು ತಿರುಗಿಸಬೇಕು. ಹಾಗೆಯೇ ಮಾಡಿದೆವು. ಯಾವಳೋ ರೆಕಾರ್ಡಿನ ಹೆಂಗಸು ಅದೇನೋ ಉಲಿದಳು. ಗೆಳತಿಗೆ ಆ ಭಾಷೆ ಅಷ್ಟಿಷ್ಟು ಬರುತ್ತದೆ. "ಅಂಥ ನಂಬರೇ ಇಲ್ವಂತೆ ಕಣೇ" ಎಂದಳು. ಮೂರು ಸಲ ಹಾಕಿಸಿದೆ. ಮೂರು ಸಲವೂ ಅದೇ.

ಅಕ್ಕ ಕಾಟ ಕೊಡುತ್ತಾಳೆ ಎಂದು ಸುಳ್ಳು ನಂಬರ್ ಕೊಟ್ಟೆಯಾ? ದೊಡ್ಡ ಊರು, ದೊಡ್ಡ ಜನ, ನಾವು ಯಾಕೆ ಬೇಕು. ಬೇಡವಾಗಿದ್ದರೆ ನೇರವಾಗಿ ಹೇಳಬಹುದಿತ್ತು. ನನಗೆ ಬೇಜಾರಾಗಿದೆ, ಮುಚ್ಚಿಡುವುದಿಲ್ಲ.

ಅಮ್ಮ ಆರಾಮಾಗಿದ್ದಾಳೆ. ನಿನ್ನ ಸುದ್ದಿ ಕೇಳುತ್ತಿರುತ್ತಾಳೆ.

ಅಕ್ಕ

•

೨೧ ಮಾರ್ಚ್

ಅಕ್ಕಾ,

ನಂಬರ್ ಸುಳ್ಳಲ್ಲ. ನಿನ್ನ ಕಾಗದ ಓದಿ ಅಳುತ್ತಿದ್ದಾಗ ಅಜ್ಜ ಏನಾಯಿತೆಂದು ಕೇಳಿದರು, ಹೇಳಿದೆ. "ಸೊನ್ನೆ ಯಾಕ್ ತೆಗೆದ್ರು?" ಎಂದರು. ಈ ದೇಶದಲ್ಲಿ ಆ ಸೊನ್ನೆ ಊರಿನ ಕೋಡಿಗೇ ಅಂಟಿಕೊಂಡದ್ದಂತೆ. ಹೊರದೇಶದಿಂದ ಮಾಡಿದರೂ ಅದನ್ನು ಬಿಡಬಾರದಂತೆ. ನಿಮ್ಮ ನಿಯಮ ನಿಮಗೆ, ಇವರದು ಇವರಿಗೆ.

ಆದರೂ ನೀನು ಫೋನ್ ಮಾಡಬೇಡ. ಯಾಕೆ ಎಂದು ಈಗ ಹೇಳಿಬಿಡುತ್ತೇನೆ. ಹೇಳದೆ ಹೊಟ್ಟೆಯಲ್ಲಿ ಇಟ್ಟುಕೊಂಡು ಸಾಕಾಗಿದೆ.

ನಾನು ಬಂದ ದಿನ ಹತ್ತಿದ ಮೆಟ್ಟಿಲನ್ನು ಮತ್ತೆ ಇಳಿದಿಲ್ಲ. ಯಜಮಾನಿ ಮೆಟ್ಟಿಲ ಬಾಗಿಲಿಗೆ ಹೊರಗಿನಿಂದ ಬೀಗ ಹಾಕುತ್ತಾರೆ. ನನ್ನ ಪಾಸ್‌ಪೋರ್ಟ್ ಅವರ ಬೀರುವಿನಲ್ಲಿದೆ. ಕೇಳಿದರೆ, "ಎಲ್ಲಿಗೆ ಹೋಗ್ಬೇಕು ನೀನು? ಅಪ್ಪನ್ನ ಯಾರು ನೋಡ್ತಾರೆ?" ಎನ್ನುತ್ತಾರೆ. ಹೊಡೆಯುವುದಿಲ್ಲ, ಬೈಯುವುದಿಲ್ಲ. ಊಟ ಕೊಡುತ್ತಾರೆ. ಬೀಗ ಹಾಕುತ್ತಾರೆ. ನನ್ನ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ, ಕೈ ಚಾಚಿದರೆ ಸಿಗುತ್ತದೆ. ಅದರ ಮೇಲೆ ಒಂದು ಬಿರುಕಿದೆ. ನಾನು ಅದನ್ನೇ ನೋಡುತ್ತಿರುತ್ತೇನೆ. ಕೆಳಗೆ ಹೊಲಿಯುವವರಿಗೆ ನಾನಿರುವುದು ಗೊತ್ತು, ತಲೆ ಎತ್ತುವುದಿಲ್ಲ, ಅವರಿಗೂ ಸಂಬಳ ಬೇಕಲ್ಲ.

ಫೋನಿಗೂ ಬೀಗ ಇದೆ. ಡಯಲಿನ ತೂತಿನಲ್ಲಿ ಒಂದು ಪುಟ್ಟ ಬೀಗ ಸಿಕ್ಕಿಸಿದ್ದಾರೆ. ಸೊನ್ನೆ ಒಂದು ಮಾತ್ರ ತಿರುಗುತ್ತದೆ, ಬೇರೆ ಯಾವುದೂ ತಿರುಗುವುದಿಲ್ಲ. ಹೊರಗಿನಿಂದ ಕರೆ ಬಂದರೆ ಕೆಳಗೆ ಅವರ ಮೇಜಿನ ಮೇಲೂ ಗಂಟೆ ಹೊಡೆಯುತ್ತದೆ. ಒಂದೇ ತಂತಿ, ಎರಡು ಫೋನು. ಅವರೇ ಮೊದಲು ಎತ್ತುತ್ತಾರೆ.

ಕಾಗದವನ್ನು ಅವರೇ ಪೆಟ್ಟಿಗೆಗೆ ಹಾಕುತ್ತಾರೆ. ನಮ್ಮ ಅಕ್ಷರ ಅವರಿಗೆ ಬಳ್ಳಿ ಬಿಡಿಸಿದ ಹಾಗೆ ಕಾಣುತ್ತದಂತೆ. "ಎಷ್ಟು ಚಂದ ಇದೆ" ಎಂದರು, ಅವರಪ್ಪ ಚಮಚ ಎಸೆದದ್ದನ್ನು ನಾನು ಬರೆದ ಕಾಗದ ಹಿಡಿದುಕೊಂಡು.

ಊರಿನಿಂದ ಹೊರಡುವಾಗ ಎಲ್ಲರ ಮುಂದೆ ಅಷ್ಟು ಜಂಬ ಕೊಚ್ಚಿಕೊಂಡಿದ್ದೆ, ಅದಕ್ಕೇ ನಿನಗೆ ಹೇಳಲು ಬಾಯಿ ಬರಲಿಲ್ಲ. ಅಕ್ಕಾ, ನನಗೆ ಇಲ್ಲಿಂದ ಹೊರಗೆ ಬರಬೇಕು. ಹೇಗಾದರೂ ಮಾಡು.

ಗುಬ್ಬಿ

•

೧೪ ಮೇ

ಗುಬ್ಬಿ, ನನ್ನ ಕಂದಾ,

ಹಿಂದಿನ ಕಾಗದದಲ್ಲಿ ನಾನು ಬರೆದದ್ದನ್ನೆಲ್ಲ ಹೊಟ್ಟೆಗೆ ಹಾಕಿಕೋ. ನಿನ್ನದು ಓದಿದ ಮೇಲೆ ನಿನ್ನ ಭಾವನಿಗೆ ಮಾತ್ರ ಹೇಳಿದ್ದೇನೆ.

ತಡವಾದದ್ದಕ್ಕೆ ಕಾರಣವಿದೆ. ನೀನಿರುವ ಊರಿನಲ್ಲೇ ನಮ್ಮ ದೇಶದ ರಾಯಭಾರ ಕಚೇರಿ ಇದೆ. ಅವರಿಗೆ ಬರೆದೆ. ಉತ್ತರಕ್ಕೆ ಕಾಯುತ್ತಾ ಕೂತೆ. ಕೊನೆಗೆ ಬಂತು. "ಸಂಬಂಧಪಟ್ಟ ವ್ಯಕ್ತಿಯೇ ಖುದ್ದಾಗಿ ಬಂದು ಅಥವಾ ದೂರವಾಣಿಯಲ್ಲಿ ತಿಳಿಸತಕ್ಕದ್ದು." ಬೀಗ ಹಾಕಿದವಳು ಖುದ್ದಾಗಿ ಹೋಗಬೇಕಂತೆ! ಪೊಲೀಸರನ್ನು ನಾನು ನಂಬುವುದಿಲ್ಲ. ಪಾಸ್‌ಪೋರ್ಟ್ ಇಲ್ಲದವಳನ್ನು ಅವರೂ ಒಂದು ಕೋಣೆಗೇ ಹಾಕುತ್ತಾರೆ. ಅದಕ್ಕೆ ನೀನೇ ಆ ಕಚೇರಿಗೆ ಫೋನ್ ಮಾಡಬೇಕು.

ಬೀಗ ಇದೆಯಲ್ಲ ಎನ್ನಬೇಡ. ಅದು ಡಯಲಿಗೆ ಹಾಕಿದ ಬೀಗ, ತಂತಿಗೆ ಹಾಕಿದ್ದಲ್ಲ. ಡಯಲ್ ತಿರುಗಿಸಿ ಬಿಟ್ಟಾಗ ಅದು ವಾಪಸ್ ಬರುತ್ತಾ ತಂತಿಯನ್ನು ಟಕ ಟಕ ಎಂದು ಕಡಿದು ಜೋಡಿಸುತ್ತದೆ. ಎಷ್ಟು ಸಲ ಕಡಿಯಿತು ಎಂದು ಎಕ್ಸ್‌ಚೇಂಜ್ ಎಣಿಸುತ್ತದೆ. ಅದಕ್ಕೆ ನಿನ್ನ ಬೀಗವೂ ಕಾಣುವುದಿಲ್ಲ, ನಿನ್ನ ಯಜಮಾನಿಯೂ ಕಾಣುವುದಿಲ್ಲ. ರಿಸೀವರ್ ಇಡುವ ಜಾಗದಲ್ಲಿ ಒತ್ತಿದರೆ ಕೆಳಗಿಳಿಯುವ ಗುಂಡಿ ಇದೆಯಲ್ಲ, ಅದನ್ನು ಬೆರಳಿನಿಂದ ಬೇಗ ಬೇಗ ತಟ್ಟಿದರೂ ಎಕ್ಸ್‌ಚೇಂಜಿಗೆ ಅಷ್ಟೇ. ಒಂದಕ್ಕೆ ಒಂದು ತಟ್ಟು, ಎರಡಕ್ಕೆ ಎರಡು, ಸೊನ್ನೆಗೆ ಹತ್ತು. ಒಂದು ಅಂಕಿ ಮುಗಿದ ಮೇಲೆ ಒಂದು ಉಸಿರು ಬಿಟ್ಟು ಮುಂದಿನದು. ನಿನ್ನ ಊರಿನೊಳಗೇ ಆದ್ದರಿಂದ ಊರಿನ ಕೋಡ್ ಬೇಡ. ಕಚೇರಿಯ ನಂಬರ್ ೬೪೦೯೫. ಆರು ತಟ್ಟು, ನಾಲ್ಕು, ಹತ್ತು, ಒಂಬತ್ತು, ಐದು.

ಎಚ್ಚರ, ತಟ್ಟುವಾಗ ಕೆಳಗಿನ ಫೋನಿನ ಗಂಟೆ ಸಣ್ಣಗೆ ಟಿಣ್ ಟಿಣ್ ಎನ್ನಬಹುದು. ಮಷೀನುಗಳು ಓಡುತ್ತಿರುವಾಗ ಮಾತ್ರ ತಟ್ಟು.

ಸೊನ್ನೆ ಮಾತ್ರ ತಿರುಗುತ್ತದೆ ಎಂದು ಬರೆದಿದ್ದೀಯ. ಪೆದ್ದೀ, ಸೊನ್ನೆ ಇರುವುದು ಕಟ್ಟಕಡೆಗೆ. ಅದು ತಿರುಗಿದರೆ ಎಲ್ಲವೂ ತಿರುಗಬೇಕು. ಕಣ್ಣಲ್ಲಿ ನೀರು ತುಂಬಿಕೊಂಡು ಏನೋ ನೋಡಿದ್ದೀಯ. ಕಣ್ಣೊರೆಸಿಕೋ. ಬೆರಳಿಗೆ ಅಭ್ಯಾಸ ಮಾಡಿಸು.

ಅಕ್ಕ

•

೩ ಜೂನ್

ಅಕ್ಕಾ,

ನೀನು ಹೇಳಿದ ಹಾಗೆಯೇ ಮಾಡಿದೆ. ಮಷೀನುಗಳು ಗುಡುಗುತ್ತಿದ್ದವು. ಆರು, ನಾಲ್ಕು, ಹತ್ತು, ಒಂಬತ್ತು, ಐದು. ಅತ್ತ ಕಡೆ ಗಂಟೆಯೂ ಹೊಡೆಯಿತು. ಎತ್ತಿದ್ದು ಒಬ್ಬ ಹೆಂಗಸು. "ನಮ್ಮ ದೇಶದ ಕಚೇರಿಯಾ?" ಎಂದು ಕೇಳಿದೆ. ಬಟ್ಟೆ ಒಗೆಯುವ ಅಂಗಡಿಯಂತೆ. ತಪ್ಪು ತಟ್ಟಿದೆನೇನೋ ಎಂದು ಮರುದಿನ ಮತ್ತೆ ಮಾಡಿದೆ. ಅದೇ ಹೆಂಗಸು. ಮೂರನೇ ಸಲಕ್ಕೆ ಅವಳು, "ಮತ್ತೆ ನೀನಾ? ಬಟ್ಟೆ ಇದ್ರೆ ತಗೊಂಡ್ ಬಾ, ಇಲ್ಲಾಂದ್ರೆ ಫೋನ್ ಇಡು" ಎಂದು ರಿಸೀವರ್ ಕುಕ್ಕಿದಳು.

ನಿಮ್ಮ ಆಫೀಸಿನಲ್ಲಿರುವ ನಂಬರ್ ಯಾವ ಕಾಲದ್ದೋ. ಅಥವಾ ಅವಸರದಲ್ಲಿ ನೀನೇ ತಪ್ಪು ಬರೆದೆಯೋ. ನಿನ್ನ ಮೇಲೆ ಸಿಟ್ಟು ಬಂದಿದೆ ಅಕ್ಕಾ. ಸಿಟ್ಟು ಬರಬಾರದು, ಆದರೆ ಬಂದಿದೆ. ನೀನು ಬೀದಿಯಲ್ಲಿ ನಡೆದು ಆಫೀಸಿಗೆ ಹೋಗುತ್ತೀಯ, ಬರುತ್ತೀಯ, ಹೀಗೆ ಮಾಡು ಹಾಗೆ ಮಾಡು ಎಂದು ಬರೆಯುತ್ತೀಯ. ನನಗೆ ಅಷ್ಟು ತಟ್ಟಿ ಸಿಕ್ಕಿದ್ದು ಒಗೆಯುವವಳ ಬೈಗುಳ.

ಅದೂ ಅಲ್ಲದೆ, ಕಣ್ಣೊರೆಸಿಕೊಂಡೇ ನೋಡಿದ್ದೇನೆ. ಸೊನ್ನೆ ಮಾತ್ರವೇ ತಿರುಗುತ್ತದೆ.

ಇನ್ನು ತಟ್ಟುವುದಿಲ್ಲ. ಸಾಕು.

ಗುಬ್ಬಿ

•

೧೯ ಜೂನ್

ಗುಬ್ಬಿ,

ಬೈದದ್ದು ಒಳ್ಳೆಯದೇ ಆಯಿತು. ನಿನ್ನ ಕೊನೆಯ ಸಾಲು ಓದಿ ಮೊದಲು ರೇಗಿತು. ಎಷ್ಟು ಹೇಳಿದರೂ ಸೊನ್ನೆ ಸೊನ್ನೆ ಎನ್ನುತ್ತಾಳಲ್ಲ ಎಂದು. ಆಮೇಲೆ ಬಸ್ಸಿನಲ್ಲಿ ನಿಂತಿದ್ದಾಗ ಒಂದು ಯೋಚನೆ ಬಂತು. ಇವಳು ಹೇಳುತ್ತಿರುವುದು ನಿಜವಾಗಿದ್ದರೆ? ಸೊನ್ನೆ ಮೊದಲಿದ್ದು, ಅದರ ಪಕ್ಕದ ತೂತಿಗೆ ಬೀಗ ಬಿದ್ದಿದ್ದರೆ?

ಅರ್ಧ ದಾರಿಯಲ್ಲಿ ಇಳಿದು ಆಫೀಸಿಗೆ ವಾಪಸ್ ಹೋದೆ. ಫೋನ್ ರಿಪೇರಿ ಮಾಡುವವನನ್ನು ಹಿಡಿದು ಕೇಳಿದರೆ, "ಹೌದಲ್ಲ ಮೇಡಂ, ಕೆಲವು ದೇಶದಲ್ಲಿ ಡಯಲ್ ಶುರುವಾಗೋದೇ ಸೊನ್ನೆಯಿಂದ. ಇನ್ನು ಕೆಲವು ಕಡೆ ಪೂರಾ ತಲೆಕೆಳಗು" ಎಂದು ಏನೂ ದೊಡ್ಡದಲ್ಲ ಎನ್ನುವ ಹಾಗೆ ಹೇಳಿ ಟೀ ಕುಡಿಯಲು ಹೋದ. ನಾನು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ಇಷ್ಟು ವರ್ಷ ಎಲ್ಲ ದೇಶಗಳ ಕೋಡು ತಿದ್ದಿದ್ದೇನೆ, ಒಂದು ದೇಶದ ಡಯಲನ್ನೂ ಕಣ್ಣಲ್ಲಿ ನೋಡಿಲ್ಲ. ನಮ್ಮ ಎಣಿಕೆಯೇ ಲೋಕದ ಎಣಿಕೆ ಎಂದುಕೊಂಡಿದ್ದೆ.

ಅಲ್ಲಿ ಸೊನ್ನೆಗೆ ಒಂದು ತಟ್ಟು. ಒಂದಕ್ಕೆ ಎರಡು. ಒಂಬತ್ತಕ್ಕೆ ಹತ್ತು. ಪ್ರತಿ ಅಂಕಿಗೂ ಒಂದು ಸೇರಿಸು. ಹಾಗಾದರೆ ಕಚೇರಿಗೆ ಏಳು, ಐದು, ಒಂದು, ಹತ್ತು, ಆರು. ನೀನು ಸರಿಯಾಗಿಯೇ ತಟ್ಟಿದೆ, ತಪ್ಪು ಲೆಕ್ಕ ಕೊಟ್ಟವಳು ನಾನು.

ಇನ್ನೊಂದು ವಿಷಯ. ನೀನು ವಾರವಾರ ಎಕ್ಸ್‌ಚೇಂಜಿಗೆ ಫೋನ್ ಮಾಡುತ್ತೀಯ ಎಂದು ಅಮ್ಮನಿಗೆ ಹೇಳಿಕೊಂಡು ಬಂದಿದ್ದೇನೆ. ಮನೆಗೆ ಬಂದು ನಿನ್ನ ಮಾತನ್ನೆಲ್ಲ ನಾನೇ ಕಟ್ಟಿ ಹೇಳುತ್ತೇನೆ. ನೀನು ದಪ್ಪಗಾಗಿದ್ದೀಯ, ಹಸಿರು ಕೋಟು ಕೊಂಡಿದ್ದೀಯ, ಯಜಮಾನಿಯ ಜೊತೆ ಊರೆಲ್ಲ ಸುತ್ತುತ್ತೀಯ. ಅಮ್ಮ ಕೋಟಿನ ಗುಂಡಿಯ ಬಣ್ಣ ಕೇಳಿದಳು. ಅದನ್ನೂ ಹೇಳಿದೆ. ನನ್ನ ಸುಳ್ಳಿನೊಳಗೆ ನಾನೇ ಸಿಕ್ಕಿಹಾಕಿಕೊಂಡಿದ್ದೇನೆ ಗುಬ್ಬಿ. ಬೇಗ ಹೊರಗೆ ಬಾ, ನನ್ನನ್ನೂ ಬಿಡಿಸು.

ಅಕ್ಕ

•

೮ ಜುಲೈ

ಅಕ್ಕಾ,

ಸಿಕ್ಕಿತು! ಎತ್ತಿದವರು ನಮ್ಮ ದೇಶದ ಹೆಸರೇ ಹೇಳಿದರು. ಒಬ್ಬ ಅಧಿಕಾರಿ ಎಲ್ಲ ಕೇಳಿ ಬರೆದುಕೊಂಡರು. "ಹೆದರ್ಬೇಡಿ. ಯಜಮಾನಿ ಇಲ್ಲದ ದಿನ ನೋಡಿ ಹೇಳಿ, ಒಬ್ಬ ಪೊಲೀಸ್‌ನ ಕರ್ಕೊಂಡು ಬರ್ತೀವಿ. ಬರ್ತೀನಿ ಅಂತ ನೀವು ಬಾಯಿಬಿಟ್ಟು ಹೇಳಿದ್ರೆ ಆಯ್ತು" ಎಂದರು. ಯಜಮಾನಿ ಬಟ್ಟೆ ಕೊಳ್ಳಲು ಹೋಗುವುದು ಗುರುವಾರ. ಬರುವ ಗುರುವಾರ ಎನ್ನಲು ಬಾಯಿ ತೆರೆದೆ.

ಅಜ್ಜ ನನ್ನನ್ನೇ ನೋಡುತ್ತಿದ್ದರು. "ಅಜ್ಜನ್ನ ಏನ್ ಮಾಡ್ತೀರಿ?" ಎಂದು ಕೇಳಿದೆ. "ಅದು ನಮ್ಮ ವ್ಯಾಪ್ತಿಗೆ ಬರಲ್ಲ" ಎಂದರು. ಮತ್ತೆ ಮಾಡುತ್ತೇನೆ ಎಂದು ಇಟ್ಟುಬಿಟ್ಟೆ.

ಬೈಯಬೇಡ, ಪೂರ್ತಿ ಓದು. ಫೋನಿನ ಆ ಬೀಗ ನನಗೆ ಹಾಕಿದ್ದು ಎಂದುಕೊಂಡಿದ್ದೆ. ಅಲ್ಲವಂತೆ. "ನೀನು ಬರೋಕ್ ಮುಂಚಿನ ಬೀಗ ಅದು, ನನಗೆ ಹಾಕಿದ್ದು" ಎಂದರು ಅಜ್ಜ. ಬೇರೆ ಊರಿನಲ್ಲಿ ಅವರಿಗೊಬ್ಬ ಮಗನಿದ್ದಾನೆ. ಯಜಮಾನಿಗೂ ಈ ತಮ್ಮನಿಗೂ ಮಾತಿಲ್ಲ. ಮಗನೊಂದಿಗೆ ಅಜ್ಜ ಮಾತಾಡಬಾರದು ಎಂದು ಯಜಮಾನಿ ಬೀಗ ಹಾಕಿದರು. ನಾನು ಮಾತಾಡಿದ್ದನ್ನು ನೋಡಿದ ಮೇಲೆ ಅಜ್ಜ ತಮ್ಮ ಬಲಗೈಯಿಂದ ನನ್ನ ಸೆರಗು ಹಿಡಿದು, "ನನಗೂ ತಟ್ಟು" ಎಂದರು. ಮಗನ ನಂಬರ್ ಬಾಯಿಪಾಠ. ಒಂದಂಕಿ ತಡವರಿಸಲಿಲ್ಲ. ತಟ್ಟಿದೆ. ಅಂಥ ನಂಬರೇ ಇಲ್ಲ ಎಂದು ರೆಕಾರ್ಡಿನ ದನಿ ಬಂತು. ಅವರೂ ಕೇಳಿಸಿಕೊಂಡರು. "ಕಿತ್ತು ಹಾಕಿಸ್ಬಿಟ್ಟಿದಾನೆ. ಅಪ್ಪ ಬೇಡ ಅವನಿಗೆ" ಎಂದವರು ತಮ್ಮನ್ನು ಗೋಡೆಯ ಕಡೆ ತಿರುಗಿಸು ಎಂದರು. ತಿರುಗಿಸಿದೆ. ಎರಡು ದಿನದಿಂದ ಬಾಯಿ ತೆರೆದು ಉಣ್ಣುತ್ತಿಲ್ಲ.

ನಾನು ಹೊರಟುಹೋದರೆ ಬೀಗದ ಒಳಗೆ ಅವರೊಬ್ಬರೇ. ನೀನು ನಂಬರುಗಳ ನಡುವೆಯೇ ಇರುವವಳು. ಹುಡುಕಿಕೊಡು. ಹಳೆಯ ನಂಬರ್ ಹಿಂದುಗಡೆ ಇದೆ.

ಗುಬ್ಬಿ

•

೨೨ ಜುಲೈ

ಗುಬ್ಬಿ,

ನಿನಗೆ ತಲೆ ಕೆಟ್ಟಿದೆ. ತೆರೆದ ಬಾಗಿಲನ್ನು ನೀನೇ ಮುಚ್ಚಿಕೊಂಡು ಕೂತಿದ್ದೀಯ. ನಿನ್ನ ಭಾವ ಹಾಗೆನ್ನಬೇಡ ಎಂದರು, ಆದರೂ ಬರೆಯುತ್ತೇನೆ. ಆ ಅಜ್ಜ ನಿನಗೆ ಏನಾಗಬೇಕು?

ಅವರ ಮಗ ಏನನ್ನೂ ಕಿತ್ತುಹಾಕಿಸಿಲ್ಲ. ಹೊರದೇಶದವರು ನಂಬರ್ ಬದಲಿಸಿದಾಗ ನಮಗೆ ಸುತ್ತೋಲೆ ಬರುತ್ತದೆ. ಮಗನ ಊರು ಬೆಳೆದು ನಂಬರುಗಳು ಸಾಲದೆ, ಊರಿನ ಕೋಡ್ ಆದ ಮೇಲೆ ಎಲ್ಲರ ನಂಬರಿನ ಮುಂದೂ ಎರಡು ಎಂಬ ಅಂಕಿಯನ್ನು ಸೇರಿಸಿದ್ದಾರೆ. ಅಷ್ಟೇ ವಿಷಯ. ಅಜ್ಜನಿಗೆ ಹೇಳು, ಬೇಡವಾದದ್ದು ಅಪ್ಪನಲ್ಲ, ಹಳೆಯ ನಂಬರು. ಕೋಡಿನ ಸೊನ್ನೆಗೆ ಒಂದು ತಟ್ಟು ಮರೆಯಬೇಡ. ಸೇರಿಸಿದ ಎರಡಕ್ಕೆ ಮೂರು.

ಅದನ್ನು ತಟ್ಟು. ಮರುಕ್ಷಣ ಕಚೇರಿಗೆ ತಟ್ಟು. ಆ ವಿಳಾಸದಿಂದ ನನಗೆ ಇನ್ನೊಂದು ಕಾಗದ ಬರಕೂಡದು.

ಅಕ್ಕ

•

೨೦ ಆಗಸ್ಟ್

ಗುಬ್ಬಿ,

ಬರಕೂಡದು ಎಂದು ನಾನೇ ಬರೆದೆ. ಈಗ ದಿನಾ ಅಂಚೆಯವನ ದಾರಿ ಕಾಯುತ್ತೇನೆ. ತಡೆಯಲಾಗದೆ ನೆನ್ನೆ ಕರೆ ಹಾಕಿಸಿದೆ, ಸೊನ್ನೆ ಸಮೇತ. ಯಜಮಾನಿ ಎತ್ತಿದರೂ ಎತ್ತಲಿ ಎಂದುಕೊಂಡೆ. ಎತ್ತಿದರು. ಗೆಳತಿ ನಿನ್ನ ಹೆಸರು ಹೇಳಿ ಕೇಳಿದ್ದಕ್ಕೆ, "ಅಂಥೋರು ಯಾರೂ ಇಲ್ಲ" ಎಂದು ಇಟ್ಟರು. ಕಚೇರಿಯವರಿಗೂ ನೀನು ಮತ್ತೆ ಮಾಡಿಲ್ಲವಂತೆ.

ಅಮ್ಮನಿಗೆ ಈ ವಾರ ನಿನ್ನ ಮಾತು ಕಟ್ಟಿ ಹೇಳಲು ನನ್ನಿಂದಾಗಲಿಲ್ಲ. ಲೈನ್ ಸಿಗಲಿಲ್ಲ ಎಂದೆ. ಒಂದಕ್ಷರ ಬರೆದು ಹಾಕು. ಎಲ್ಲಿದ್ದೀಯ ನೀನು?

ಅಕ್ಕ

•

೧೧ ಸೆಪ್ಟೆಂಬರ್

ಅಕ್ಕಾ,

ಲಕೋಟೆಯ ಮೇಲಿನ ವಿಳಾಸ ಬೇರೆ ಇದೆ, ನೋಡಿದೆಯಾ? ಇದು ಅಜ್ಜನ ಮಗನ ಮನೆ. ನನ್ನ ಕೋಣೆಯ ಬಾಗಿಲಿಗೆ ಒಳಗಿನಿಂದ ಹಾಕುವ ಚಿಲಕ ಇದೆ. ಯಜಮಾನಿಯ ಬೀರುವಿನಲ್ಲಿದ್ದ ಪಾಸ್‌ಪೋರ್ಟ್ ನಮ್ಮ ದೇಶದ ಕಚೇರಿಯವರ ಕೈ ಸೇರಿದೆ, ಟಿಕೆಟ್ ಆಗುವವರೆಗೆ ಇಲ್ಲೇ ಇರುತ್ತೇನೆ. ಈಗ ಮೊದಲಿನಿಂದ ಹೇಳುತ್ತೇನೆ.

ಹೊಸ ನಂಬರ್ ತಟ್ಟಿದೆ. ಮಗ ಎತ್ತಿದರು. ರಿಸೀವರನ್ನು ಅಜ್ಜನ ಕಿವಿಗೆ ಹಿಡಿದೆ. ಅಪ್ಪ ಮಗ ಇಬ್ಬರೂ ಮಾತಾಡಿದ್ದಕ್ಕಿಂತ ಅತ್ತದ್ದೇ ಹೆಚ್ಚು. ಸಾಕು ಎನ್ನಲು ನನಗೆ ಮನಸ್ಸು ಬರಲಿಲ್ಲ. ಅಷ್ಟರಲ್ಲಿ ಕೆಳಗೆ ಊಟಕ್ಕೆ ಮಷೀನುಗಳು ನಿಂತವು. ಯಜಮಾನಿ ಯಾರಿಗೋ ಫೋನ್ ಮಾಡಲು ಎತ್ತಿದ್ದಾರೆ, ಕಿವಿಗೆ ಬಿದ್ದದ್ದು ತಮ್ಮನ ದನಿ. ಮೇಲೆ ಬಂದರು. ಕೈಯಲ್ಲಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ. ನನಗೇ ಹಾಕುತ್ತಾರೆ ಎಂದುಕೊಂಡೆ. ಫೋನಿನ ತಂತಿಯನ್ನು ಕತ್ತರಿಸಿ, ಫೋನನ್ನು ಬಗಲಿಗೆ ಇಟ್ಟುಕೊಂಡು ಇಳಿದು ಹೋದರು. ಕಚೇರಿಗೆ ಗುರುವಾರ ಎಂದು ಹೇಳುವುದು ಹಾಗೆಯೇ ಉಳಿಯಿತು.

ಅಲ್ಲಿಂದ ನನ್ನ ಕಾಗದ ಹೊರಗೆ ಹೋಗಲಿಲ್ಲ, ನಿನ್ನದು ಒಳಗೆ ಬರಲಿಲ್ಲ. ನೀನು ಹೇಳಿದ್ದೇ ಸರಿ, ಬಾಗಿಲು ನಾನೇ ಮುಚ್ಚಿಕೊಂಡೆ ಎಂದು ದಿನಾ ನನ್ನನ್ನೇ ಬೈದುಕೊಂಡೆ. ಅಜ್ಜನ ಮೇಲೂ ಸಿಟ್ಟು ಬಂತು. ಒಂದು ದಿನ ಉಣಿಸುವಾಗ ಚಮಚ ಎಸೆದವಳು ನಾನೇ.

ಕೊನೆಗೆ ಮಗ ಇನ್ನೊಬ್ಬರನ್ನು ಕರೆದುಕೊಂಡು ಬಂದರು. ಕೆಳಗೆ ಬಹಳ ಹೊತ್ತು ಜಗಳವಾಯಿತು. ಆಮೇಲೆ ಬೀಗ ತೆಗೆದ ಸದ್ದು. ಅಜ್ಜನನ್ನು ಕುರ್ಚಿಯಲ್ಲಿ ಕೂರಿಸಿ ಇಬ್ಬರೂ ಹೊತ್ತು ಇಳಿಸಿದರು. ಅವರ ದಿಂಬು ಎತ್ತಿಕೊಂಡು ಹಿಂದೆ ನಾನು. ಕೆಳಗಿನ ಮೆಟ್ಟಿಲಲ್ಲಿ ಯಜಮಾನಿ ಕೊರಳಿಗೆ ಅಳತೆಯ ಪಟ್ಟಿ ಹಾಕಿಕೊಂಡು ನಿಂತಿದ್ದರು. ಅತ್ತಿದ್ದರು ಅಂತ ಕಾಣುತ್ತದೆ. "ನೀನು ಮೇಲೆ ಹೋಗು" ಎಂದರು.

ನಂಬುತ್ತೀಯಾ ಅಕ್ಕಾ, ನನ್ನ ಕಾಲುಗಳು ತಿರುಗಿಯೇ ಬಿಟ್ಟವು. ಎರಡು ಮೆಟ್ಟಿಲು ಹತ್ತಿಯೂ ಹತ್ತಿದೆ. ಇಷ್ಟು ದಿನ ಹೊರಗೆ ಹೋಗಬೇಕು ಎಂದು ಬಡಿದಾಡಿದವಳು, ಮೇಲೆ ಹೋಗು ಎಂದ ಕೂಡಲೇ ಒಳಗೆ ಹೊರಟಿದ್ದೆ. ಆಗ ಬೀದಿಯಿಂದ ಅಜ್ಜ ಕೂಗಿದರು. "ನನ್ನ ದಿಂಬು! ದಿಂಬು ಕೊಡೇ! ದಿಂಬಿಲ್ದೆ ನಾನು ಹೋಗಲ್ಲ!" ಅವರು ಇಡೀ ಮಾತನ್ನು ಅಷ್ಟು ಸ್ಪಷ್ಟವಾಗಿ ಆಡಿದ್ದು ನಾನು ಕೇಳಿರಲೇ ಇಲ್ಲ. ದಿಂಬನ್ನು ಎದೆಗೆ ಅವುಚಿಕೊಂಡು ಯಜಮಾನಿಯ ಪಕ್ಕದಿಂದ ತೂರಿ ಹೊರಗೆ ಬಂದೆ. ಕಾರಿನಲ್ಲಿ ಕೂತ ಮೇಲೆ ದಿಂಬನ್ನು ಅವರ ತಲೆಯ ಹಿಂದೆ ಇಡಲು ಹೋದರೆ, "ಬೇಡ, ಸೆಕೆ" ಎಂದರು.

ಬೀದಿಯ ತಿರುವಿನಲ್ಲಿ ಒಂದು ಸಾರ್ವಜನಿಕ ಫೋನ್ ಇತ್ತು. ಕಾರು ನಿಲ್ಲಿಸಿ ಎಂದೆ. ಮಗ ಒಂದು ನಾಣ್ಯ ಕೊಟ್ಟರು. ಬೀಗವಿಲ್ಲದ ಡಯಲು. ಕಚೇರಿಗೆ ತಿರುಗಿಸಲು ಹೋದೆ. ಏಳರಲ್ಲಿ ಬೆರಳಿಟ್ಟೆ, ಐದರಲ್ಲಿ ಇಟ್ಟೆ, ಒಂದರಲ್ಲಿ ಇಟ್ಟೆ. ಆಮೇಲೆ ಹತ್ತರ ತೂತು ಹುಡುಕಿದೆ. ಮತ್ತೆ ಮತ್ತೆ ಹುಡುಕಿದೆ ಅಕ್ಕಾ. ಯಾವ ದೇಶದ ಡಯಲಿನಲ್ಲೂ ಹತ್ತು ಇರುವುದಿಲ್ಲ ಎಂದು ಹೊಳೆಯುವಷ್ಟರಲ್ಲಿ ಗಾಜಿನ ಆಚೆ ನಿಂತವರು ನನ್ನನ್ನು ವಿಚಿತ್ರವಾಗಿ ನೋಡುತ್ತಿದ್ದರು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ಗೊತ್ತಿಲ್ಲ. ಇಟ್ಟು, ಮೊದಲಿನಿಂದ ಶುರುಮಾಡಿದೆ. ಈ ಸಲ ಏನನ್ನೂ ಸೇರಿಸಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ತಿರುಗಿಸಿದೆ.

ಅದೇ ಅಧಿಕಾರಿ ಎತ್ತಿದರು. ನನ್ನ ದನಿ ಗುರುತು ಹಿಡಿದು, ಯಜಮಾನಿಗೆ ಕೇಳಿಸೀತು ಎಂದೋ ಏನೋ, ಪಿಸುದನಿಯಲ್ಲಿ, "ಎಲ್ಲಿಂದ ಮಾತಾಡ್ತಿದೀರಿ?" ಎಂದರು.

"ಹೊರಗಿಂದ" ಎಂದೆ.

ಗುಬ್ಬಿ